ಎರಡು ಯೆಜ್ಡಿ, ಒಂದೇ ರಸ್ತೆ

ಬೈಕ್ ರಿವ್ಯೂಗಳ ಬಗ್ಗೆ ನನ್ನದೊಂದು ಹಳೇ ತಕರಾರಿದೆ. ಬರೆಯುವವರು ಗಾಡಿಯನ್ನು ಓಡಿಸಿ ನೋಡೋದು ಲೋನಾವಳಾದ ಘಾಟಿನಲ್ಲಿ, ಇಲ್ಲಾ ನಂದಿ ಬೆಟ್ಟದ ತಿರುವುಗಳಲ್ಲಿ, ತೀರಾ ಸಾಹಸ ಅಂದರೆ ಲಡಾಖಿನಲ್ಲಿ. ಕಬ್ಬು ನುರಿಸುವ ಹಂಗಾಮು, ಸಂಜೆ ಏಳು ಗಂಟೆ, ಹುಕ್ಕೇರಿಯಿಂದ ಘಟಪ್ರಭಾ ಕಡೆ ಹೋಗೋ ರಸ್ತೆ. ಎದುರಿಗೆ ಎರಡೆರಡು ಟ್ರೇಲರ್ ಎಳಕೊಂಡು ಬರುವ ಟ್ರ್ಯಾಕ್ಟರಿನ ಒಂಟಿ ಲೈಟು. ಹಿಂದಿನ ಸೀಟಿನಲ್ಲಿ ಅವ್ವ, ಅವಳ ತೊಡೆ ಮೇಲೊಂದು ಬುಟ್ಟಿ. ಇಂಥ ಹೊತ್ತಲ್ಲಿ ಗಾಡಿ ಹೇಗೆ ನಡೆಯುತ್ತೆ ಅಂತ ಯಾರೂ ಬರೆಯೋದಿಲ್ಲ. ನಮ್ಮ ಕಡೆ ಟೂರಿಂಗ್ ಅಂದರೆ ಇದೇ.

ಹಾಗಾಗಿ ನಾನೇ ಬರೆಯೋಣ ಅಂತ ಕೂತೆ. ಹೋಲಿಕೆಗೆ ಆರಿಸಿಕೊಂಡಿದ್ದು ಒಂದೇ ಹೆಸರಿನ ಎರಡು ಗಾಡಿ. ಒಂದು, ನಮ್ಮ ಕಾಕಾನ 1986ನೇ ಇಸವಿಯ ಯೆಜ್ಡಿ ರೋಡ್‌ಕಿಂಗ್. ಇನ್ನೊಂದು, ಪುಣೆಯಲ್ಲಿ ಕೆಲಸದಲ್ಲಿರೋ ಗೆಳೆಯನ 2022ರ ಯೆಜ್ಡಿ ಅಡ್ವೆಂಚರ್. ಎಳ್ಳಮಾವಾಸ್ಯೆಗೆ ಅವನು ಆ ಗಾಡಿಯಲ್ಲೇ ಊರಿಗೆ ಬಂದಿದ್ದ. ನಾಲ್ಕು ದಿನ ಎರಡೂ ನಮ್ಮ ಅಂಗಳದಲ್ಲಿ ಪಕ್ಕಪಕ್ಕ ನಿಂತಿದ್ದವು. ಹುಕ್ಕೇರಿ ತಾಲೂಕಿನ ನಮ್ಮೂರಿಂದ ಘಟಪ್ರಭಾ, ಗೋಕಾಕ ದಾಟಿ ಮೂಡಲಗಿಯ ಸೋದರತ್ತೆ ಮನೆಗೆ ಒಂದು ದಿನ ಅದರಲ್ಲಿ, ಒಂದು ದಿನ ಇದರಲ್ಲಿ ಹೋಗಿಬಂದೆ. ಹೋಗಿ ಬಂದರೆ ನೂರು ಕಿಲೋಮೀಟರ್ ಮೇಲಾಗುತ್ತೆ.

ಸುಮ್ಮನೆ ಶೋಕಿಗೆ ಮಾಡಿದ ಹೋಲಿಕೆ ಅಲ್ಲ ಇದು. ಕಾಕಾಗೆ ಎಪ್ಪತ್ತು ದಾಟಿದೆ. ಅವರ ರೋಡ್‌ಕಿಂಗನ್ನು ಬೆಂಗಳೂರಿನವರೊಬ್ಬರು ಒಳ್ಳೇ ರೇಟಿಗೆ ಕೇಳ್ತಿದ್ದಾರೆ. ಕೊಡೋದಾ, ಇಟ್ಕೊಳ್ಳೋದಾ ಅನ್ನೋ ವಾದ ಮನೆಯಲ್ಲಿ ಮೂರು ತಿಂಗಳಿಂದ ನಡೀತಿತ್ತು. ಕೊನೆಗೆ ನಾನು ಬಿ.ಇ. ಮಾಡಿದವನು ಅನ್ನೋ ಕಾರಣಕ್ಕೆ ತೀರ್ಪು ನನ್ನ ತಲೆಗೆ ಬಂತು. ನನ್ನದು ಸಾಫ್ಟ್‌ವೇರು, ಗಾಡಿಗೂ ಅದಕ್ಕೂ ಸಂಬಂಧ ಇಲ್ಲ ಅಂದರೆ ನಮ್ಮ ಮನೆಯಲ್ಲಿ ಯಾರೂ ಕೇಳಲ್ಲ. ಬಿ.ಇ. ಅಂದಮೇಲೆ ಮಿಕ್ಸರ್‌ನಿಂದ ಬೋರ್‌ವೆಲ್ ಮೋಟಾರಿನ ತನಕ ಎಲ್ಲಾ ಗೊತ್ತಿರಬೇಕು.

ಹೆಸರು ಒಂದೇ

ಮೊದಲು ಸ್ವಲ್ಪ ಇತಿಹಾಸ. ಯೆಜ್ಡಿ ನಮ್ಮ ರಾಜ್ಯದ್ದೇ ಗಾಡಿ. ಮೈಸೂರಿನಲ್ಲಿ ಐಡಿಯಲ್ ಜಾವಾ ಅನ್ನೋ ಕಂಪನಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಲೈಸೆನ್ಸ್ ಪಡೆದು 1961ರಲ್ಲಿ ಬೈಕ್ ತಯಾರಿಸೋಕೆ ಶುರು ಮಾಡಿತು. ಹಿಂದಿದ್ದವರು ರುಸ್ತುಂ ಇರಾನಿ. 1973ರ ಹೊತ್ತಿಗೆ ಟ್ಯಾಂಕಿನ ಮೇಲಿನ ಹೆಸರು ಜಾವಾ ಹೋಗಿ ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು.

ಮುಚ್ಚಿದ್ದಕ್ಕೆ ಕಾರಣ ಒಂದೇ ಅಲ್ಲ. ಹೊಗೆ ನಿಯಮಗಳು ಬಿಗಿಯಾಗುತ್ತಿದ್ದವು, ಎರಡು ಸ್ಟ್ರೋಕ್ ಎಂಜಿನ್ನಿಗೆ ಅದು ಕಷ್ಟದ ಕಾಲ. ಅದಕ್ಕಿಂತ ಮೊದಲೇ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು, ಬೈಕ್ ಅಂದರೆ ಮೈಲೇಜ್ ಅಂತ ಜನರಿಗೆ ಹೊಸ ಪಾಠ ಹೇಳಿಕೊಟ್ಟಿತ್ತು. ನಮ್ಮೂರಲ್ಲೂ ಹಾಗೇ ಆಯಿತು. ತೊಂಬತ್ತರ ದಶಕದ ಕೊನೆಗೆ ಊರಲ್ಲಿ ಇದ್ದ ಮೂರು ಯೆಜ್ಡಿಗಳಲ್ಲಿ ಎರಡು ಗುಜರಿಗೆ ಹೋದವು. ಆ ಅಂಗಳಗಳಿಗೆ ಸ್ಪ್ಲೆಂಡರ್ ಬಂದವು. ಉಳಿದಿದ್ದು ಕಾಕಾಂದೊಂದೇ.

ಆಮೇಲೆ 2018ರಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ವಾಪಸ್ ತಂದಿತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರಲ್ಲಿ ರೋಡ್‌ಸ್ಟರ್, ಸ್ಕ್ರ್ಯಾಂಬ್ಲರ್, ಅಡ್ವೆಂಚರ್ ಅಂತ ಮೂರು ಗಾಡಿ ಬಂದವು. ಇವು ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಆ ಹೆಸರು ಯಾರಿಗೆ ಸೇರಿದ್ದು ಅನ್ನೋ ಜಗಳ ಕರ್ನಾಟಕ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಅಂದರೆ ಮೈಸೂರಿನ ಗಾಡಿಗೂ ಪೀಥಂಪುರದ ಗಾಡಿಗೂ ನಡುವೆ ಉಳಿದಿರೋದು ಹೆಸರು ಮತ್ತು ನೆನಪು. ಒಂದು ಬೋಲ್ಟು ಸಹ ಇದರಿಂದ ಬಿಚ್ಚಿ ಅದಕ್ಕೆ ಹಾಕೋಕೆ ಬರೋದಿಲ್ಲ.

ರೋಡ್‌ಕಿಂಗಿನದು 250 ಸಿಸಿ, ಎರಡು ಸ್ಟ್ರೋಕಿನ ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ನಾಲ್ಕು ಗೇರು, 16 ಎಚ್‌ಪಿ ಆಸುಪಾಸು ಶಕ್ತಿ, ಹಿಂದೆ ಮುಂದೆ ಡ್ರಮ್ ಬ್ರೇಕು, ತೂಕ ಸುಮಾರು 140 ಕಿಲೋ. ಬ್ಯಾಟರಿ ಒತ್ತಿ ಸ್ಟಾರ್ಟ್ ಮಾಡೋ ಮಾತೇ ಇಲ್ಲ. ಎಡಗಡೆಯ ಒಂದೇ ಲಿವರು ಕಿಕ್ಕೂ ಹೌದು, ಗೇರೂ ಹೌದು. ಒಳಗೆ ಒತ್ತಿ ಮೇಲೆತ್ತಿದರೆ ಕಿಕ್, ಇಳಿಸಿದರೆ ಗೇರ್. ಮೊದಲ ಸಲ ನೋಡಿದ ನನ್ನ ಗೆಳೆಯ ಎರಡು ನಿಮಿಷ ಬಲಗಡೆ ಕಿಕ್ಕರ್ ಹುಡುಕಿದ.

ಅಡ್ವೆಂಚರ್ ಪೂರಾ ಬೇರೆ ಕುಲ. 334 ಸಿಸಿ, ನಾಲ್ಕು ಸ್ಟ್ರೋಕು, ನೀರಿನಿಂದ ತಂಪಾಗೋ ಎಂಜಿನ್, ಆರು ಗೇರು, ಸುಮಾರು 30 ಎಚ್‌ಪಿ. ಮುಂದೆ 21 ಇಂಚಿನ ಗಾಲಿ, ನೆಲದಿಂದ 220 ಮಿಲಿಮೀಟರ್ ಎತ್ತರ, ಸೀಟು 815 ಮಿಲಿಮೀಟರ್ ಎತ್ತರಕ್ಕೆ, ಟ್ಯಾಂಕು ಹದಿನೈದೂವರೆ ಲೀಟರು. ಎರಡೂ ಗಾಲಿಗೆ ಡಿಸ್ಕ್, ಎಬಿಎಸ್, ಅದರಲ್ಲೂ ರಸ್ತೆಗೊಂದು, ಮಳೆಗೊಂದು, ಮಣ್ಣಿನ ದಾರಿಗೊಂದು ಅಂತ ಮೂರು ಬಗೆ.

ಕೂತರೆ ಹೇಗೆ

ಎಳ್ಳಮಾವಾಸ್ಯೆ ದಿನ ಚರಗ ಚೆಲ್ಲೋಕೆ ಹೊಲಕ್ಕೆ ಹೋಗೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಸಂಗತಿ. ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಯ, ಹೋಳಿಗೆ. ಗಾಡಿಯ ಸೀಟು ಹೇಗಿದೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ.

ರೋಡ್‌ಕಿಂಗಿನ ಸೀಟು ಉದ್ದಕ್ಕೆ, ಸಪಾಟಾಗಿ, ಒಂದು ಬೆಂಚಿನ ಹಾಗಿದೆ. ಅವ್ವ ಒಂದೇ ಬದಿಗೆ ಕಾಲು ಹಾಕಿ ಕೂತಳು, ಬುಟ್ಟಿ ತೊಡೆ ಮೇಲೆ, ಕೈ ನನ್ನ ಹೆಗಲ ಮೇಲೆ. ಎರಡು ಸೆಕೆಂಡಿನ ಕೆಲಸ. ಅಡ್ವೆಂಚರ್ ಹತ್ತೋಕೆ ಗಾಡಿಯನ್ನು ಮನೆ ಮುಂದಿನ ಕಟ್ಟೆ ಪಕ್ಕ ತಂದು ನಿಲ್ಲಿಸಬೇಕಾಯಿತು. ಹತ್ತಿ ಕೂತ ಮೇಲೆ ಅವ್ವ ಅಂದಳು, "ಇದೇನೋ ತಮ್ಮಾ, ಕುದರಿ ಹತ್ತಿದಂಗ ಆತಲ್ಲೋ. ಇಳಿಯೂದ ಹ್ಯಾಂಗ?" ಕಂಪನಿಯವರು ಈ ಗಾಡಿಗೆ ಪಕ್ಕದ ಪೆಟ್ಟಿಗೆ, ಜೆರ್ರಿ ಕ್ಯಾನ್ ಎಲ್ಲಾ ಮಾರುತ್ತಾರೆ. ಅವ್ವನ ಬುಟ್ಟಿಗೆ ಮಾತ್ರ ಯಾರೂ ಜಾಗ ಯೋಚಿಸಿಲ್ಲ. ಸಾಹಸದ ಗಾಡಿ ಅಂದರೆ ಒಬ್ಬ ಗಂಡಸು, ಅವನ ಸಾಮಾನು, ಮುಂದೆ ಒಂದು ಬೆಟ್ಟ. ಜಾಹೀರಾತಿನಲ್ಲಿ ಯಾವತ್ತೂ ಹಿಂದಿನ ಸೀಟು ಖಾಲಿ.

ಆದರೆ ಹೊರಟ ಮೇಲೆ ಕತೆ ಬದಲಾಯಿತು. ಮೂಡಲಗಿ ಕಡೆ ಎರೆ ಹೊಲದ ಸೀಮೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತೆ. ಅದರ ಮೇಲೆ ಹಾಸಿದ ಡಾಂಬರು ಕೂಡಾ ಜೊತೆಗೇ ಏಳುತ್ತೆ, ಬೀಳುತ್ತೆ. ಹೀಗಾಗಿ ನೋಡೋಕೆ ನುಣ್ಣಗಿದ್ದ ರಸ್ತೆಯೂ ಓಡಿಸಿದರೆ ಅಲೆಅಲೆಯಾಗಿರುತ್ತೆ. ಮೇಲೆ ಕಬ್ಬಿನ ಲೋಡು ಓಡಾಡಿ ಗಾಲಿ ಜಾಡಿಗೆ ತಗ್ಗು ಬಿದ್ದಿರುತ್ತೆ. ಅಡ್ವೆಂಚರಿನ ಮುಂದಿನ ಸಸ್ಪೆನ್ಶನ್ 200 ಮಿಲಿಮೀಟರ್, ಹಿಂದಿನದು 180 ಮಿಲಿಮೀಟರ್ ಆಡುತ್ತೆ. ಈ ಅಂಕಿಯನ್ನು ಪೇಪರಿನಲ್ಲಿ ಓದಿದರೆ ಏನೂ ಅನ್ನಿಸಲ್ಲ. ಎರೆ ಸೀಮೆಯ ರಸ್ತೆಯಲ್ಲಿ ಅದು ಬೆನ್ನಿಗೆ ಗೊತ್ತಾಗುತ್ತೆ. ರೋಡ್‌ಕಿಂಗಿನಲ್ಲಿ ಮೂಡಲಗಿ ಮುಟ್ಟಿದಾಗ ನನ್ನ ಸೊಂಟ ಹಿಡಿದಿತ್ತು, ಅಂಗೈ ಜುಮುಜುಮು ಅಂತಿತ್ತು. ಅಡ್ವೆಂಚರಿನಲ್ಲಿ ಮುಟ್ಟಿದಾಗ ನೇರ ಹೋಗಿ ಊಟಕ್ಕೆ ಕೂತೆ. ಅವ್ವನೂ ಆ ದಿನ ಸೊಂಟದ ಮಾತೆತ್ತಲಿಲ್ಲ. ಹತ್ತೋದು ಇಳಿಯೋದು ಬಿಟ್ಟರೆ ಅವಳಿಗೂ ಹೊಸದೇ ಇಷ್ಟ ಆಯಿತು.

ಎಂಜಿನ್ನಿನ ಲೆಕ್ಕ ಇಷ್ಟು ಸರಳ ಇಲ್ಲ. ಅಡ್ವೆಂಚರಿನ ಬಲವೆಲ್ಲ ಮೇಲಿನ ಆರ್‌ಪಿಎಂನಲ್ಲಿದೆ. ಹೈವೇಯಲ್ಲಿ ನೂರರ ಸ್ಪೀಡಿನಲ್ಲಿ ಗಂಟೆಗಟ್ಟಲೆ ಓಡಿಸೋಕೆ ಅದು ಹೇಳಿ ಮಾಡಿಸಿದ ಹಾಗಿದೆ. ಹುಕ್ಕೇರಿ–ಗೋಕಾಕ ರಸ್ತೆಯಲ್ಲಿ ಎಮ್ಮೆ, ಟ್ರ್ಯಾಕ್ಟರು, ಸ್ಕೂಲ್ ಬಿಟ್ಟ ಮಕ್ಕಳ ನಡುವೆ ಆರನೇ ಗೇರಿಗೆ ಕೆಲಸವೇ ಬರಲಿಲ್ಲ. ರೋಡ್‌ಕಿಂಗು ಇದಕ್ಕೆ ಉಲ್ಟಾ. ಮೂರನೇ ಗೇರಿನಲ್ಲಿ ಬಿಟ್ಟರೆ ಎತ್ತಿನ ಬಂಡಿ ಹಿಂದೆಯೂ ಹೋಗುತ್ತೆ, ರಸ್ತೆ ಸಿಕ್ಕರೆ ಎಳಕೊಂಡು ಮುಂದೂ ಹೋಗುತ್ತೆ. ಅರವತ್ತರ ತನಕ ಅದರ ಜೊತೆ ಸುಖ. ಎಪ್ಪತ್ತು ದಾಟಿದರೆ ಕೈ, ಕಾಲು, ಹಲ್ಲು ಎಲ್ಲಾ ಕೂಡಿ ನಡುಗುತ್ತವೆ.

ಎರಡು ಸ್ಟ್ರೋಕಿನ ಇನ್ನೊಂದು ಗುಣ ಗುಡ್ಡ ಇಳಿಯುವಾಗ ತಿಳಿಯುತ್ತೆ. ಇದರ ಎಂಜಿನ್ನಿಗೆ ಬೇಕಾದ ಆಯಿಲು ಪೆಟ್ರೋಲಿನಲ್ಲೇ ಕಲೆತು ಬರುತ್ತೆ. ಆಕ್ಸಿಲರೇಟರ್ ಪೂರಾ ಬಿಟ್ಟು ಉದ್ದಕ್ಕೆ ಇಳಿಜಾರಿನಲ್ಲಿ ಬಂದರೆ ಪೆಟ್ರೋಲಿನ ಜೊತೆ ಆಯಿಲೂ ಕಡಿಮೆ ಆಗುತ್ತೆ. ಅದಕ್ಕೇ ಕಾಕಾ ಗುಡ್ಡ ಇಳಿಯುವಾಗ ನಡುನಡುವೆ ಒಂದೊಂದು ಸಲ ಆಕ್ಸಿಲರೇಟರ್ ತಿರುಗಿಸ್ತಾರೆ. ಚಿಕ್ಕವನಿದ್ದಾಗ ಅದನ್ನ ಕಾಕಾನ ಶೋಕಿ ಅಂದ್ಕೊಂಡಿದ್ದೆವು. ಅದು ಎಂಜಿನ್ನಿಗೆ ನೀರು ಕುಡಿಸಿದ ಹಾಗೆ. ಇಳಿಜಾರಿನಲ್ಲಿ ಎರಡು ಸ್ಟ್ರೋಕ್ ಎಂಜಿನ್ ಗಾಡಿಯನ್ನು ಹಿಡಿಯೋದೂ ಕಡಿಮೆ, ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ.

ಬ್ರೇಕು, ಲೈಟು ಇವುಗಳ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಟ್ರೇಲರುಗಳು ರಸ್ತೆ ಬದಿ ರಿಫ್ಲೆಕ್ಟರ್ ಇಲ್ಲದೆ ಕತ್ತಲಲ್ಲಿ ನಿಂತಿರುತ್ತವೆ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆ ಕಡೆ ಹೋಗೋ ದಾರಿಯಲ್ಲಿ ಹಂಗಾಮಿನಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಇದು ಗೊತ್ತು. ರೋಡ್‌ಕಿಂಗಿನ ಹಳದಿ ಬಲ್ಬಿನಲ್ಲಿ ಟ್ರೇಲರು ಕಂಡು, ಡ್ರಮ್ ಬ್ರೇಕು ಒತ್ತಿ, ಗಾಡಿ ನಿಲ್ಲೋ ಹೊತ್ತಿಗೆ ಕಬ್ಬಿನ ತುದಿ ಹೆಲ್ಮೆಟ್ಟಿಗೆ ತಾಗಿರುತ್ತೆ. ಎಲ್‌ಇಡಿ ಲೈಟೂ ಎಬಿಎಸ್ಸೂ ನನ್ನ ಪಾಲಿಗೆ ಸೌಕರ್ಯದ ಲೆಕ್ಕಕ್ಕೇ ಸೇರುತ್ತವೆ. ಭಯ ಇಲ್ಲದೆ ಕೂತಿರೋದೂ ಒಂದು ಸುಖ ತಾನೇ. "ಆ ಸೌಂಡ್ ಇಲ್ವಲ್ಲ, ಆ ಫೀಲ್ ಇಲ್ವಲ್ಲ" ಅಂತ ಹಳೇ ಗಾಡಿ ಹೊಗಳೋರಲ್ಲಿ ಹೆಚ್ಚಿನವರು ಅದನ್ನ ಓಡಿಸೋದು ಭಾನುವಾರ ಬೆಳಗ್ಗೆ, ಇಡ್ಲಿ ತಿನ್ನೋಕೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ಗಾಡಿಗಳೆಲ್ಲ ಸೇರುತ್ತವೆ. ನಾನೂ ನೋಡೋಕೆ ಹೋಗಿದ್ದೇನೆ, ಕಣ್ಣಿಗೆ ಹಬ್ಬ. ಆದರೆ ಆ ಹಬ್ಬದಲ್ಲಿ ನಿಂತು ಹೇಳೋ "ಹಳೇ ಗಾಡಿಯಷ್ಟು ಕಂಫರ್ಟ್ ಇಲ್ಲ" ಅನ್ನೋ ಮಾತನ್ನು ರಾತ್ರಿ ಏಳರ ಹುಕ್ಕೇರಿ ರಸ್ತೆಗೆ ತರಬೇಡಿ.

ಅಂದರೆ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟ. ಸೌಕರ್ಯದಲ್ಲಿ ಹೊಸದು ಗೆದ್ದಿತು. ಎತ್ತರ ಒಂದೇ ಅದರ ಮೈನಸ್ ಪಾಯಿಂಟು.

ನಿಂತರೆ ಹೇಗೆ

ಎರಡನೇ ಪ್ರಶ್ನೆ ಭರವಸೆಯದು. ಇಲ್ಲಿ ನನ್ನ ಆಫೀಸಿನ ಭಾಷೆ ಸ್ವಲ್ಪ ಉಪಯೋಗಕ್ಕೆ ಬರುತ್ತೆ. ಸರ್ವರುಗಳನ್ನು ನೋಡಿಕೊಳ್ಳೋ ಕೆಲಸ ಮಾಡಿದವರಿಗೆ ಎರಡು ಅಳತೆ ಗೊತ್ತಿರುತ್ತೆ, ಎಂಟಿಬಿಎಫ್ ಮತ್ತು ಎಂಟಿಟಿಆರ್. ಮೊದಲನೇದು, ಒಂದು ಸಲ ಕೆಟ್ಟಮೇಲೆ ಮತ್ತೆ ಕೆಡೋಕೆ ಎಷ್ಟು ಕಾಲ ಹಿಡಿಯುತ್ತೆ ಅನ್ನೋದು. ಎರಡನೇದು, ಕೆಟ್ಟದ್ದು ಸರಿಯಾಗೋಕೆ ಎಷ್ಟು ಕಾಲ ಹಿಡಿಯುತ್ತೆ ಅನ್ನೋದು. ಎರಡನ್ನೂ ಕೂಡಿಸಿ ನೋಡದೆ ಯಾವ ಸಿಸ್ಟಮ್ಮನ್ನೂ ನಂಬಬಹುದು ಅಂತ ಹೇಳೋಕಾಗಲ್ಲ. ಬೈಕಿನ ಚರ್ಚೆಯಲ್ಲಿ ಹಳೇ ಗಾಡಿಯ ಭಕ್ತರು ಎರಡನೇ ಅಳತೆ ಮಾತ್ರ ಹೇಳ್ತಾರೆ, ಹೊಸ ಗಾಡಿಯ ಶೋರೂಮಿನವರು ಮೊದಲನೇದು ಮಾತ್ರ. ಹೀಗಾಗಿ ಇಬ್ಬರೂ ಗೆಲ್ಲುತ್ತಾ ಇರುತ್ತಾರೆ.

ರೋಡ್‌ಕಿಂಗು ಪದೇಪದೇ ಕೈ ಕೇಳೋ ಗಾಡಿ. ಅದು ಆ ಕಾಲದ ತಂತ್ರಜ್ಞಾನದ ಸ್ವಭಾವ. ಆಯಿಲ್ ಸುಟ್ಟು ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟುತ್ತೆ, ಒಳಗಿನ ಕೊಳವೆ ಎಳೆದು ಸುಟ್ಟು ಬಡಿಯಬೇಕು. ಪ್ಲಗ್ಗಿಗೆ ಮಸಿ ಹಿಡಿಯುತ್ತೆ. ಕಾಂಟ್ಯಾಕ್ಟ್ ಪಾಯಿಂಟ್ ಸವೆಯುತ್ತೆ, ಅದನ್ನ ಪಾಲಿಶ್ ಪೇಪರಿನಿಂದ ತಿಕ್ಕಿ ಗ್ಯಾಪ್ ಕೂರಿಸಬೇಕು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರಿಗೆ ನಲವತ್ತೋ ಐವತ್ತೋ ಎಂ.ಎಲ್. ಆಯಿಲ್ ಅಳೆದು ಹಾಕಬೇಕು. ಕಾಕಾನ ಸೀಟಿನ ಕೆಳಗೆ ಯಾವಾಗಲೂ ಒಂದು ಪ್ಲಗ್ ಪಾನಾ, ಒಂದು ಹಳೇ ಪ್ಲಗ್ಗು, ಪಾಲಿಶ್ ಪೇಪರಿನ ತುಂಡು, ಒಂದು ಚಿಂದಿ ಬಟ್ಟೆ. ಮೂವತ್ತೆಂಟು ವರ್ಷದಲ್ಲಿ ಅವರು ರಸ್ತೆಯಲ್ಲಿ ನಿಂತಿದ್ದು ಲೆಕ್ಕ ಇಲ್ಲ. ರಾತ್ರಿ ರಸ್ತೆಯಲ್ಲೇ ಕಳೆದಿದ್ದು ಒಮ್ಮೆಯೂ ಇಲ್ಲ.

ಈಗ ಇನ್ನೊಂದು ಕತೆ ಕೇಳಿ. ಎರಡು ವರ್ಷದ ಹಿಂದೆ ನನ್ನ ಸ್ವಂತ ಗಾಡಿಯಲ್ಲಿ ಬೆಂಗಳೂರಿಂದ ಊರಿಗೆ ಹೊರಟಿದ್ದೆ. ಕಂಪನಿ ಹೆಸರು ಬೇಡ, ಇಲ್ಲಿ ಹೋಲಿಸ್ತಿರೋ ಯಾವುದೂ ಅಲ್ಲ ಅಂತಷ್ಟೇ ಹೇಳ್ತೀನಿ. ಐನೂರು ಕಿಲೋಮೀಟರ್ ಬೆಣ್ಣೆಯ ಹಾಗೆ ಓಡಿತು. ಊರು ಇನ್ನು ಅರ್ಧ ಗಂಟೆ ಅನ್ನುವಾಗ ಸಂಕೇಶ್ವರದ ಹತ್ತಿರ ಎಂಜಿನ್ ಬಂದ್. ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ಚಿತ್ರ, ಅಷ್ಟೇ. ಹತ್ತಿರದ ಗ್ಯಾರೇಜಿನ ಮಿಸ್ತ್ರಿ ಬಂದರು, ಪ್ಲಗ್ ನೋಡಿದರು, ಫ್ಯೂಸ್ ನೋಡಿದರು, ಕೈ ಒರೆಸಿಕೊಂಡರು. ಅವರು ಅವತ್ತು ಹೇಳಿದ ಮಾತನ್ನು ನಾನು ಎಷ್ಟೋ ಮೀಟಿಂಗುಗಳಲ್ಲಿ ನೆನೆಸಿಕೊಂಡಿದ್ದೀನಿ: "ಅಣ್ಣಾರ, ಕರೆಂಟ್ ಎಲ್ಲಿ ತಪ್ಪೇತಿ ಅಂತ ಗೊತ್ತಾದ್ರ ಹತ್ತ ನಿಮಿಷದಾಗ ಜೋಡಸ್ತೀನಿ. ಎಲ್ಲಿ ಅಂತ ಗಾಡಿ ನನಗ ಹೇಳಂಗಿಲ್ಲ. ಅವರ ಕಂಪ್ಯೂಟರಿಗಷ್ಟ ಹೇಳತೈತಿ."

ಗಾಡಿಯನ್ನು ಟೆಂಪೋದಲ್ಲಿ ಹಾಕಿ ಬೆಳಗಾವಿಗೆ ಕಳಿಸಿದೆ. ಎರಡು ದಿನ ಕಳೆದು ಫೋನ್ ಬಂತು. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಹೋಗೋ ವೈರು ತುಂಡಾಗಿತ್ತಂತೆ. ಸ್ಟ್ಯಾಂಡ್ ಇಳಿದೇ ಇದೆ ಅಂತ ತಿಳಿದು ಗಾಡಿ ಎಂಜಿನ್ ಬಂದ್ ಮಾಡಿತ್ತು. ನಾಲ್ಕು ಇಂಚಿನ ವೈರು. ಆ ಮಿಸ್ತ್ರಿಯ ಡಬ್ಬಿಯಲ್ಲಿ ಅಂಥ ವೈರು ಮಾರುಗಟ್ಟಲೆ ಇತ್ತು.

ಹೊಸ ಗಾಡಿಗಳನ್ನು ಬೈಯೋಕೆ ಈ ಕತೆ ಹೇಳಲಿಲ್ಲ. ಸೆನ್ಸರ್, ಇಸಿಯು, ಫ್ಯೂಯಲ್ ಇಂಜೆಕ್ಷನ್ ಇವೆಲ್ಲ ಕಂಪನಿಯವರ ಶೋಕಿಗೆ ಬಂದಿದ್ದಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅಂತ ಕ್ಷಣಕ್ಷಣಕ್ಕೂ ಲೆಕ್ಕ ಹಾಕದೆ ಆ ಮಟ್ಟದ ಶುದ್ಧ ಹೊಗೆ ಬರೋದಿಲ್ಲ. ಎಬಿಎಸ್ ಕೂಡಾ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಗಾಡಿಗಳಿಗೆ 2019ರಿಂದ ಕಡ್ಡಾಯ. ರೋಡ್‌ಕಿಂಗಿನ ಹಿಂದೆ ಕೂತು ಬಂದ ದಿನ ಅವ್ವನ ಸೀರೆ ಸಂಜೆ ತನಕ ಸುಟ್ಟ ಆಯಿಲ್ ನಾರುತ್ತಿತ್ತು. ಆ ಹೊಗೆಯನ್ನು ನಾನು ಮತ್ತೆ ಬೇಡಲ್ಲ.

ಹಳೇ ಗಾಡಿಗೆ ಇನ್ನೊಂದು ಹೊಸ ತೊಂದರೆ ಬಂದಿದೆ, ಅದು ನಮ್ಮ ಹೊಲದಿಂದಲೇ. ಈಗ ಪಂಪಿನಲ್ಲಿ ಸಿಗೋದು ಶೇಕಡಾ 20ರ ತನಕ ಎಥನಾಲ್ ಬೆರೆಸಿದ ಪೆಟ್ರೋಲು. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಲವು ಕಬ್ಬಿನಿಂದ ಎಥನಾಲ್ ತಯಾರಿಸುತ್ತವೆ. ರೈತನಿಗೆ ಬಿಲ್ಲು ಬೇಗ ಬಂದರೆ ಒಳ್ಳೇದೇ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತೆ, ಹಳೇ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತೆ. 1986ರ ಕಾರ್ಬುರೇಟರಿನಲ್ಲಿ ಅಂಥ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಒಳಗೆ ಏನಾಗುತ್ತೆ ಅನ್ನೋದು ಮಿಸ್ತ್ರಿಯ ಮುಖ ನೋಡಿದರೆ ಗೊತ್ತಾಗುತ್ತೆ. ಈ ಪೆಟ್ರೋಲಿಗೆ ಹೊಂದೋ ಹಾಗೆ ಹೊಸ ಗಾಡಿಗಳನ್ನು ತಯಾರಿಸಬಹುದು. ಕಾಕಾನ ಗಾಡಿಗೆ ಆ ದಾರಿ ಇಲ್ಲ. ಅಂದರೆ ಕಾಕಾ ಬೆಳೆದ ಕಬ್ಬೇ ಕಾಕಾನ ಗಾಡಿಯನ್ನು ತಿನ್ನುತ್ತಾ ಇದೆ.

ಯಾರ ದುಡಿಮೆ

ನಾಲ್ಕು ದಿನ ಎರಡನ್ನೂ ಓಡಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ರೋಡ್‌ಕಿಂಗಿನ ಭರವಸೆ ಅಂತ ನಾವು ಕರೀತಿದ್ದದ್ದು ಬರೀ ರೋಡ್‌ಕಿಂಗಿನದಾಗಿರಲಿಲ್ಲ. ಅರ್ಧ ಭರವಸೆ ಕಾಕಾನ ಕಿವಿಯದು. ಎಂಜಿನ್ ಸದ್ದು ಸ್ವಲ್ಪ ಬದಲಾದರೆ ಅವರಿಗೆ ಊಟದ ನಡುವೆಯೂ ಗೊತ್ತಾಗುತ್ತೆ. ಇನ್ನರ್ಧ ಘಟಪ್ರಭಾದ ಮಿಸ್ತ್ರಿಯದು. ನಲವತ್ತು ವರ್ಷದಿಂದ ಯೆಜ್ಡಿ, ರಾಜದೂತ್, ಬುಲೆಟ್ಟು ಬಿಚ್ಚಿ ಕಟ್ಟಿದ ಕೈ ಅದು. ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೂ ಕಾಕಾನ ಗಾಡಿ ನಡೆದದ್ದು ಆ ಕೈಯಿಂದ. ಪಾರ್ಟ್ ಸಿಗದಿದ್ದರೆ ಲೇಥ್ ಅಂಗಡಿಯಲ್ಲಿ ಹೊಸದು ಕಡೆಸುತ್ತಿದ್ದರು, ಟ್ರ್ಯಾಕ್ಟರಿನ ವಾಷರ್ ಕೊರೆದು ಕೂರಿಸುತ್ತಿದ್ದರು.

ಈಗ ಅವರಿಗೂ ಅರವತ್ತು ದಾಟಿದೆ, ಕಣ್ಣು ಮಂಜು. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಗ್ಯಾರೇಜಿನಲ್ಲಿರೋ ಹುಡುಗ ಸ್ಪ್ಲೆಂಡರನ್ನು ಕಣ್ಣು ಮುಚ್ಚಿ ಬಿಚ್ಚುತ್ತಾನೆ, ಕಾಂಟ್ಯಾಕ್ಟ್ ಪಾಯಿಂಟ್ ಅಂದರೆ ಏನು ಅಂತ ಕೇಳುತ್ತಾನೆ. ಆ ಮಿಸ್ತ್ರಿ ಅಂಗಡಿ ಮುಚ್ಚಿದ ದಿನ ರೋಡ್‌ಕಿಂಗಿನ ಎಂಟಿಟಿಆರ್ ಹತ್ತು ನಿಮಿಷದಿಂದ ಅನಂತಕ್ಕೆ ಹೋಗುತ್ತೆ. "ಹಳೇ ಗಾಡಿ ಗಟ್ಟಿ ಕಣ್ರೀ" ಅನ್ನೋರು ಈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯೋದೇ ಇಲ್ಲ. ಬೇರೆಯವರು ಸೋವಿ ದರಕ್ಕೆ ಸುರಿಸಿದ ಬೆವರನ್ನು ಕಬ್ಬಿಣದ ಗುಣ ಅಂತ ಹೊಗಳುತ್ತಾರೆ.

ಹೊಸ ಗಾಡಿಯಲ್ಲಿ ಆ ದುಡಿಮೆ ಕಡಿಮೆ ಆಗಿದೆ, ಒಳ್ಳೇದು. ಉಳಿದ ದುಡಿಮೆ ಊರಿಂದ ಎದ್ದು ಸರ್ವಿಸ್ ಸೆಂಟರಿಗೆ ಹೋಗಿದೆ. ಬೆಂಗಳೂರಿನಲ್ಲಿರೋ ನಿಮಗೆ ಇದು ತೊಂದರೆಯೇ ಅಲ್ಲ. ಆ್ಯಪಿನಲ್ಲಿ ಬುಕ್ ಮಾಡಿದರೆ ಮನೆ ಬಾಗಿಲಿಗೆ ಬಂದು ಒಯ್ಯುತ್ತಾರೆ. 2018ರಲ್ಲಿ ತಾಲೂಕು ಆದ ಮೂಡಲಗಿಯಲ್ಲಿ ನಿಂತು ಅದೇ ಆ್ಯಪ್ ತೆರೆದರೆ ಅದು ಬೆಳಗಾವಿಯ ದಾರಿ ತೋರಿಸುತ್ತೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಊರಿಗೇ ನೀರು ನುಗ್ಗಿದಾಗ, ಲೋಳಸೂರ ಸೇತುವೆ ಮುಳುಗಿದಾಗ, ಆ ದಾರಿಯೂ ಇರಲಿಲ್ಲ. ಅಂಥ ಹೊತ್ತಲ್ಲಿ ಊರೊಳಗೆ ಇರೋ ಕೈಗೆ ಬರುವಂಥ ರಿಪೇರಿ ಮಾತ್ರ ರಿಪೇರಿ.

ನಮ್ಮ ಊರಿನ ಜನ ಈ ಲೆಕ್ಕವನ್ನು ನನಗಿಂತ ಮೊದಲೇ ಹಾಕಿದ್ದಾರೆ. ಗೋಕಾಕದ ಬಸ್ ಸ್ಟ್ಯಾಂಡಿನ ಮುಂದೆ ನಿಂತು ಹತ್ತು ನಿಮಿಷ ಗಾಡಿ ಎಣಿಸಿ. ಹಳೇ ಯೆಜ್ಡಿಯೂ ಇಲ್ಲ, ಹೊಸ ಯೆಜ್ಡಿಯೂ ಇಲ್ಲ. ಇರೋದೆಲ್ಲ ನೂರು ಸಿಸಿಯ ಸಾಲು, ಅದರ ನಡುವೆ ಗೊಬ್ಬರದ ಚೀಲ ಹೊತ್ತ ಎಕ್ಸೆಲ್ ಮೊಪೆಡ್. ಕಡಿಮೆ ಕೆಡಬೇಕು, ಕೆಟ್ಟರೆ ಪಕ್ಕದ ಹುಡುಗನಿಗೆ ರಿಪೇರಿ ಬರಬೇಕು, ಪಾರ್ಟು ಕಿರಾಣಿ ಅಂಗಡಿಯ ಪಕ್ಕದಲ್ಲೇ ಸಿಗಬೇಕು. ಎರಡೂ ಅಳತೆಯಲ್ಲಿ ಪಾಸಾದ ಗಾಡಿಯನ್ನೇ ಅವರು ಆರಿಸಿದ್ದಾರೆ. ಅವರಲ್ಲಿ ಯಾರೂ ರಿವ್ಯೂ ಓದಿಲ್ಲ.

ತೀರ್ಪು

ಮನೆಯಲ್ಲಿ ನಾನು ಹೇಳಿದ್ದು ಹೀಗೆ. ಮಿಸ್ತ್ರಿ ಕೆಲಸ ಮಾಡೋ ತನಕ ರೋಡ್‌ಕಿಂಗ್ ಇರಲಿ, ಮಾರೋದು ಬೇಡ. ಆದರೆ ಅದು ಹಗಲಿನ ಗಾಡಿ, ಹೊಲಕ್ಕೆ ಮತ್ತು ಹುಕ್ಕೇರಿ ಸಂತೆಗೆ. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಅದನ್ನ ಹೊರಗೆ ತೆಗೆಯಬಾರದು, ಅವ್ವನನ್ನೋ ಕಾಕುವನ್ನೋ ಕೂರಿಸಿಕೊಂಡು ಮೂಡಲಗಿಗೆ ಹೋಗಬಾರದು. ಕಾಕಾಗೆ ಮೊದಲನೇ ಮಾತು ಹಿಡಿಸಿತು, ಎರಡನೇದಕ್ಕೆ ಮುಖ ಆ ಕಡೆ ತಿರುಗಿಸಿದರು. "ಹಗಲಿ ಗಾಡಿ ಅಂತ ಅಂದ್ರ ನನಗೂ ವಯಸ್ಸಾತು ಅಂತ ಹೇಳಾಕತ್ತೀ ಹೌದಿಲ್ಲೋ?" ಅಂದರು. ನಾನು ಸುಮ್ಮನಿದ್ದೆ. ಈ ತೀರ್ಪು ಗಾಡಿಯ ಬಗ್ಗೆ ಅಷ್ಟೇ ಅಲ್ಲ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಬೆಂಗಳೂರು, ಪುಣೆಯಿಂದ ಊರಿಗೆ ಗಾಡಿಯಲ್ಲಿ ಹೋಗೋ ನನ್ನಂಥವರಿಗೆ ಹೊಸ ಅಡ್ವೆಂಚರಿನ ಥರದ ಗಾಡಿಯೇ ಸರಿ. ಹಳೇದರ ಮೇಲಿನ ಪ್ರೀತಿಗೆ ಐನೂರು ಕಿಲೋಮೀಟರ್ ಡ್ರಮ್ ಬ್ರೇಕಿನಲ್ಲಿ ಹೋಗೋದು ಬೇಡ. ಆದರೆ ಆ ಕಂಪನಿ ಇರಲಿ, ಬೇರೆ ಯಾವ ಕಂಪನಿಯೇ ಇರಲಿ, ಮೈಸೂರಿನ ಹೆಸರನ್ನೋ ಹಳೇ ಟ್ಯಾಂಕಿನ ಆಕಾರವನ್ನೋ ವಾಪಸ್ ತಂದರೆ ಪರಂಪರೆ ಬಂದ ಹಾಗಲ್ಲ. ಹಳೇ ಯೆಜ್ಡಿಯ ನಿಜವಾದ ಪರಂಪರೆ ಅಂದರೆ, ಅದನ್ನ ಯಾವ ಊರಿನ ಮಿಸ್ತ್ರಿ ಬೇಕಾದರೂ ಬಿಚ್ಚಿ ಅರ್ಥ ಮಾಡ್ಕೊಬಹುದಿತ್ತು. ಅದನ್ನ ಯಾರೂ ವಾಪಸ್ ತಂದಿಲ್ಲ.

ತರೋದು ಅಸಾಧ್ಯವೂ ಅಲ್ಲ. ದೋಷದ ಕೋಡನ್ನು ಡ್ಯಾಶ್‌ಬೋರ್ಡಿನಲ್ಲೇ ಓದೋ ಹಾಗೆ ತೋರಿಸಬಹುದು. ವೈರಿಂಗಿನ ನಕ್ಷೆಯನ್ನು ಎಲ್ಲರಿಗೂ ಸಿಗೋ ಹಾಗೆ ಇಡಬಹುದು, ಕನ್ನಡದಲ್ಲೂ ಕೊಡಬಹುದು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ 'ರಿಪೇರಿಯ ಹಕ್ಕು' ಅನ್ನೋ ಪೋರ್ಟಲ್ ಶುರು ಮಾಡಿತು. ಅದರಲ್ಲಿ ಮೊಬೈಲು, ಟ್ರ್ಯಾಕ್ಟರಿನಂಥ ಕೃಷಿ ಯಂತ್ರಗಳ ಜೊತೆ ವಾಹನಗಳೂ ಸೇರಿವೆ. ಕಂಪನಿಗಳು ರಿಪೇರಿಯ ಮಾಹಿತಿಯನ್ನು ಅಲ್ಲಿ ಗ್ರಾಹಕರಿಗೆ ಕೊಡಬೇಕು ಅನ್ನೋದು ಅದರ ಉದ್ದೇಶ. ಉದ್ದೇಶ ಸಂಕೇಶ್ವರದ ಗ್ಯಾರೇಜಿನ ತನಕ ಬರಬೇಕಾದರೆ ಕೇಳೋರು ನಾವಾಗಬೇಕು. ದುಡ್ಡು ಕೊಟ್ಟು ಈ ಗಾಡಿಗಳನ್ನು ಕೊಳ್ಳೋರು ನಾವು. ಅದರೊಳಗಿನ ಥರದ ಸಾಫ್ಟ್‌ವೇರನ್ನು ಬರೆಯೋರಲ್ಲೂ ನಮ್ಮಲ್ಲೇ ಎಷ್ಟೋ ಜನ ಇದ್ದೀವಿ.

ಮುಂದಿನ ಸಲ ಶೋರೂಮಿಗೆ ಹೋದಾಗ ಮೈಲೇಜು, ಎಚ್‌ಪಿ, ಇಎಂಐ ಎಲ್ಲಾ ಕೇಳಿ. ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿ: ಈ ಗಾಡಿ ಸಂಕೇಶ್ವರದಲ್ಲಿ ನಿಂತರೆ ಯಾರ ಜೊತೆ ಮಾತಾಡುತ್ತೆ? ಸೇಲ್ಸ್‌ಮನ್ನಿಗೆ ಉತ್ತರ ಗೊತ್ತಿರಲ್ಲ. ಹತ್ತು ಜನ ಕೇಳಿದರೆ ಅವನು ಮ್ಯಾನೇಜರನ್ನು ಕೇಳುತ್ತಾನೆ.